ಬಾರದವರ ಹೆಸರು

ಜುಲೈ 14, ಸೋಮವಾರ

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ತೊಗರಿಬೇಳೆ ಸಾರು, ಹುರುಳಿಕಾಯಿ ಪಲ್ಯ ಮಾಡಿದೆ. ನಮ್ಮ ಯಜಮಾನರ ಕಡೆಯ ಮೂವರು ಹೆಂಗಸರು ಬಂದು, ಅಕ್ರಂ ಪಾಷಾ ಎಂಥಾ ಮನುಷ್ಯ ಅಂತ ಅತ್ತು, ಚಹಾ ಕುಡಿದು ಹೋದರು. ಇವತ್ತು ಆದದ್ದು ಇಷ್ಟೇ.

ನನ್ನ ಇದ್ದತ್ ನಡೆಯುತ್ತಿದೆ. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಎದುರಿಗೆ ಬರಬಾರದು. ಬೀದಿಯ ಜನ ಅಯ್ಯೋ ಅನ್ನುತ್ತಾರೆ. ನನಗೆ ಇದು ಕಷ್ಟ ಅನ್ನಿಸಿಲ್ಲ. ಎಲ್ಲಿಗೂ ಹೋಗಬೇಕಾಗಿಲ್ಲ, ಯಾರನ್ನು ನೋಡಿಯೂ ನಗಬೇಕಾಗಿಲ್ಲ. ಈ ಕಟ್ಟಳೆ ಇಲ್ಲದಿದ್ದರೆ ಎಲ್ಲಿ ಹೋಗಿ ಕೂರುತ್ತಿದ್ದೆನೋ ಗೊತ್ತಿಲ್ಲ.

ಹಿರೇಹಳ್ಳಿಯಲ್ಲಿ ಇವರದು ಬೀರು ಮಾಡುವ ಶೆಡ್ಡು. ಅಲ್ಲೇ ಒಂದು ಬೀರುವಿಗೆ ಬಾಗಿಲು ಕೂರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ತುಮಕೂರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಈಗ ಶೆಡ್ಡನ್ನು ಮಗ ಶಾಬಾಜ್ ನೋಡಿಕೊಳ್ಳುತ್ತಾನೆ.

ಈ ಡೈರಿ ನನ್ನ ತಂಗಿ ಸೈಮಾಳಿಗೆ ಅವಳ ಮೆಡಿಕಲ್ ಕಾಲೇಜಿನಲ್ಲಿ ಕೊಟ್ಟದ್ದು. ಖಾಲಿ ಬಿದ್ದಿತ್ತು. ಮನೆಯಲ್ಲಿ ನಾವು ಆಡುವುದು ಉರ್ದು. ಬರೆಯಲು ಕೈಗೆ ಬರುವುದು ಕನ್ನಡ. ಕುಣಿಗಲ್‌ನ ಸರ್ಕಾರಿ ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ತನಕ ಕಲಿತದ್ದು ಅದನ್ನೇ. ಯಾರೂ ಓದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜುಲೈ 17, ಗುರುವಾರ

ಬಿಪಿ ಮಾತ್ರೆ ಮುಗಿದು ನಾಲ್ಕೈದು ದಿನವಾಯಿತು. ಪ್ರತಿ ತಿಂಗಳೂ ಇವರು ಕರೆದುಕೊಂಡು ಹೋಗುತ್ತಿದ್ದರು. ಸೈಮಾಳ ಕಾಲೇಜಿನವರೇ ನಡೆಸುವ ಹೆಲ್ತ್ ಸೆಂಟರ್, ನಮ್ಮ ಬೀದಿ ದಾಟಿದರೆ ಸಿಗುತ್ತದೆ. ಇವತ್ತು ಶಾಬಾಜ್ ಹೋಗಿ ಬರಿಗೈಯಲ್ಲಿ ಬಂದ.

"ಕೊಡಲ್ಲ ಅಂದ್ರು ಅಮ್ಮಿ. ಪೇಷಂಟೇ ಬರ್ಬೇಕಂತೆ, ಬಿಪಿ ನೋಡ್ದೆ ಮಾತ್ರೆ ಇಲ್ವಂತೆ."

"ಇದ್ದತ್‌ನಲ್ಲಿದ್ದಾರೆ ಅಂತ ಹೇಳ್ಳಿಲ್ವಾ?"

"ಹೇಳ್ದೆ. ರೂಲು ನಮ್ದಲ್ಲ, ಡೀನ್ ಮೇಡಂದು, ಅವ್ರನ್ನೇ ಕೇಳಿ ಅಂದ್ಲು ಆ ನರ್ಸು. ಡೀನ್ ಮೇಡಂ ನಮ್ಮ ಚಿಕ್ಕಮ್ಮಾನೇ ಕಣಮ್ಮ ಅಂತ ಹೇಳ್ಬೇಕು ಅಂದ್ಕೊಂಡೆ, ನಾಚ್ಕೆ ಆಯ್ತು. ಖಾಲಾಗೆ ಒಂದ್ ಮಾತು ಹೇಳ್ಲಾ?"

ಬೇಡ ಅಂದೆ. ಆ ರೂಲು ಸೈಮಾ ಸುಮ್ಮನೆ ಮಾಡಿದ್ದಲ್ಲ. ಅವಳು ಹೊಸದಾಗಿ ಡಾಕ್ಟರಾಗಿ ಅಮೃತೂರಿನಲ್ಲಿದ್ದಾಗ ಒಬ್ಬ ಮುದುಕನಿಗೆ ಸೊಸೆ ಬಂದು ವರ್ಷಗಟ್ಟಲೆ ಮಾತ್ರೆ ಒಯ್ಯುತ್ತಿದ್ದಳಂತೆ. ಮುದುಕನನ್ನು ಯಾರೂ ನೋಡಿರಲಿಲ್ಲ. ಅವನು ಮಾತ್ರೆ ನುಂಗುತ್ತಲೇ ಇದ್ದ, ಬಿಪಿ ಏರುತ್ತಲೇ ಇತ್ತು, ಒಂದು ದಿನ ಹೊಲದಲ್ಲಿ ಬಿದ್ದು ಹೋದ. ಅವತ್ತು ಸೈಮಾ ಮನೆಗೆ ಬಂದು ಊಟ ಮಾಡಲಿಲ್ಲ. ಕೈ ಮುಟ್ಟಿ ನೋಡದೆ ಮಾತ್ರೆ ಕೊಡಬಾರದು ಅಂತ ಆಮೇಲೆ ಎಷ್ಟೋ ವರ್ಷ ಬರೆದಳು, ಮೀಟಿಂಗುಗಳಲ್ಲಿ ಜಗಳವಾಡಿದಳು. ಈಗ ಗುಬ್ಬಿ, ಕುಣಿಗಲ್ ಎರಡೂ ತಾಲ್ಲೂಕಿನಲ್ಲಿ ಕಾಲೇಜಿನ ಸೆಂಟರುಗಳೆಲ್ಲ ಅದರಂತೆ ನಡೆಯುತ್ತವೆ. ಅವಳ ಅಕ್ಕನಿಗೇ ಅದನ್ನು ಸಡಿಲ ಮಾಡು ಅಂದರೆ ಏನು ಚೆಂದ.

ಮೆಡಿಕಲ್ ಶಾಪಿನಿಂದ ತರಲಾ ಅಂತ ಕೇಳಿದ. ಒಂದು ಹಾಳೆ ಮಾತ್ರೆ ಇನ್ನೂ ಇದೆ ಅಂದೆ, ಇರಲಿಲ್ಲ.

ಜುಲೈ 26, ಶನಿವಾರ

ಬೆಳಿಗ್ಗೆ ಕಾಲೇಜಿನ ಆಡಳಿತ ಮಂಡಳಿಯ ರೇಣುಕಾಪ್ರಸಾದ್ ಬಂದಿದ್ದರು. ನಾನು ಅಡಿಗೆಮನೆಯ ಪರದೆ ಎಳೆದುಕೊಂಡು ಚಹಾ ಮಾಡಿದೆ. ಶಾಬಾಜ್ ಒಯ್ದು ಕೊಟ್ಟ. ಪರದೆಯ ಆಚೆ ಆಡಿದ್ದೆಲ್ಲ ಕೇಳುತ್ತದೆ.

"ಮೇಡಂ, ನಿಮ್ಮ ಹೆಸರು ಮೂರರೊಳಗೆ ಬಂದಿದೆ. ಇನ್ನು ಕಮಿಟಿ ಮುಂದೆ ಒಂದು ಪ್ರೆಸೆಂಟೇಶನ್. ಅಷ್ಟು ಮಾಡಿದ್ರೆ ವೈಸ್ ಚಾನ್ಸಲರ್ ಕುರ್ಚಿ ನಿಮ್ದೇ."

"ಮನೇಲಿ ಹಿಂಗಾಗಿದೆ ಸರ್. ತಲೆ ಓಡ್ತಾ ಇಲ್ಲ."

"ಗೊತ್ತು ಮೇಡಂ. ಆದ್ರೆ ನಮ್ಮ ಕಾಲೇಜಿಂದ ಒಬ್ಬರು ಯೂನಿವರ್ಸಿಟಿಗೆ ವಿ.ಸಿ. ಆಗೋದು ಅಂದ್ರೆ ಸಾಮಾನ್ಯಾನಾ? ನಿಮ್ಮ ಬಿಪಿ ಕೆಲ್ಸಾನೇ ಮುಂದಿಡಿ. ಬೇರೆ ಇಬ್ಬರ ಹತ್ರ ಅಂಥದ್ದೇನೂ ಇಲ್ಲ."

ನಮ್ಮ ಯಜಮಾನರಿಗೆ ಇದ್ದದ್ದು ಅದೊಂದೇ ಆಸೆ, ಸೈಮಾಳನ್ನು ಆ ಕುರ್ಚಿಯಲ್ಲಿ ನೋಡಬೇಕು ಅಂತ. ನಮ್ಮ ಅಬ್ಬಾ ಅವಳಿಗೆ ಪಿಯುಸಿ ಸಾಕು ಅಂದಾಗ, ನಮಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ, ಇವರು "ಓದ್ಲಿ ಬಿಡಿ, ನಮ್ಮನೇಲಿ ಇಟ್ಕೋತೀನಿ" ಅಂದಿದ್ದರು. ನೆಂಟರಲ್ಲಿ ಕೆಟ್ಟ ಹೆಸರು ಬಂದರೂ ಹೆದರಲಿಲ್ಲ. ನಾದಿನಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಓಡಾಡುತ್ತಾನೆ ಅಂತ ಅವರ ಅಣ್ಣಂದಿರೇ ಆಡಿಕೊಂಡರು. ಇವರು ನಕ್ಕು ಇನ್ನೊಂದು ಸುತ್ತು ಹೋಗಿ ಬರುತ್ತಿದ್ದರು. ಅಂದಿನಿಂದ ಸೈಮಾ ಈ ಮನೆಯವಳೇ, ಇವರು ಅವಳಿಗೆ ಭಾಯ್. ಮಹಡಿಯ ಮೇಲಿನ ಕೋಣೆ ಅವಳದು.

ಈ ಪ್ರೆಸೆಂಟೇಶನ್ ಮುಗಿಯುವ ತನಕ ಅವಳಿಗೆ ಮನೆಯ ತಾಪತ್ರಯ ಯಾವುದೂ ಮುಟ್ಟಬಾರದು.

ಆಗಸ್ಟ್ 3, ಭಾನುವಾರ

ಪಕ್ಕದ ಮನೆಯ ಶಿವರುದ್ರಮ್ಮಕ್ಕ ಹಿತ್ತಲ ಬಾಗಿಲಿಂದ ಅವರೆಕಾಳು ಉಪ್ಪಿಟ್ಟು ತಂದರು. ಬಟ್ಟಲು ಕೈಗೆ ಕೊಡುವ ಮೊದಲು ಮುಖ ನೋಡಿದರು.

"ಏನ್ಲೇ ಕುಲ್ಸುಂ, ಮುಖ ಹಿಂಗ್ ಊದೈತೆ?"

"ನಿದ್ದೆ ಇಲ್ಲ ಅಕ್ಕಾ. ಹಿಂದಲೆ ನೋವು."

"ನಿದ್ದೆ ಇಲ್ದಿದ್ರೆ ಕಣ್ಣು ಊದ್ತವೆ. ಕಾಲೂ ಊದ್ತವಾ? ಮನೇಲಿ ಅಷ್ಟು ದೊಡ್ಡ ಡಾಕ್ಟ್ರನ್ನ ಇಟ್ಕೊಂಡು ಶುಂಠಿ ಅರೆದು ಹಣೆಗೆ ಹಚ್ಕೊಂಡಿದೀಯಲ್ಲೇ."

"ಅವಳು ಊರಿಗೆಲ್ಲ ಪ್ಲಾನ್ ಮಾಡೋ ಡಾಕ್ಟ್ರು. ಒಬ್ಬೊಬ್ರನ್ನೇ ನೋಡೋದು ಬಿಟ್ಟು ಯಾವ ಕಾಲ ಆಯ್ತೋ."

"ಬುಡು, ನಮ್ಮೋರೂ ಹಂಗೇ ಇದ್ರು. ಕರೆಂಟ್ ಆಫೀಸಲ್ಲಿ ಲೈನ್‌ಮನ್ನು, ಊರಿಗೆಲ್ಲ ಲೈಟು ಹಾಕೋರು. ನಮ್ಮನೆ ಬಚ್ಚಲ ಬಲ್ಬು ಹೋದ್ರೆ ಶಿವರಾತ್ರಿಗೆ ಹೋಗಿದ್ದು ದೀಪಾವಳಿಗೆ ಬರೋದು."

ನಕ್ಕುಬಿಟ್ಟೆ. ಆಮೇಲೆ ನಕ್ಕದ್ದಕ್ಕೆ ಸಂಕಟವಾಯಿತು. ಅಕ್ಕನ ಗಂಡ ರೇವಣಸಿದ್ದಯ್ಯನವರು ಹೋಗಿ ಆರು ವರ್ಷವಾಗಿರಬೇಕು. ಶಿವರುದ್ರಮ್ಮಕ್ಕ ಅವರ ಮಾತು ಎತ್ತಿದಾಗಲೆಲ್ಲ ಬೈಯುತ್ತಲೇ ಎತ್ತುತ್ತಾರೆ.

ಆಗಸ್ಟ್ 8, ಶುಕ್ರವಾರ

ಅನ್ನದ ಪಾತ್ರೆ ಎಡಗೈಯಿಂದ ಜಾರಿ ಬಿತ್ತು. ಹೊಸದಾಗಿ ಮಾಡಿದೆ. ಬರೆಯಲು ಏನೂ ಇಲ್ಲ.

ಆಗಸ್ಟ್ 12, ಮಂಗಳವಾರ

ಸಂಜೆ ಐದು. ರೇಣುಕಾಪ್ರಸಾದ್ ಮತ್ತೆ ಬಂದಿದ್ದರು, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಇಬ್ಬರೂ ಕೂತಿದ್ದರು. ಪರದೆಯ ಈಚೆ ನಾನು ಅಕ್ಕಿ ಆರಿಸುತ್ತಿದ್ದೆ.

"ನೂರಕ್ಕೆ ಎಂಬತ್ತು ಜನಕ್ಕೆ ಬಿಪಿ ಕಂಟ್ರೋಲ್‌ನಲ್ಲಿದೆ. ಯಾವ ಜಿಲ್ಲೇಲಿದೆ ಮೇಡಂ ಇದು? ಇದೊಂದು ಸ್ಲೈಡ್ ಸಾಕು."

"ಅದ್ರಲ್ಲಿ ಬಿಟ್ಟು ಹೋದವರು ಸೇರಿಲ್ಲ ಸರ್. ಎರಡು ತಿಂಗಳು ಬರದೇ ಇದ್ರೆ ಹೆಸರು ತೆಗೀತಾರೆ. ತೆಗೆದಿರೋದು ಬಹಳ ಇದೆ. ಅವ್ರನ್ನೂ ಹಾಕಿದ್ರೆ ಐವತ್ತಕ್ಕೆ ಬಂದ್ಬಿಡುತ್ತೆ."

"ಹಾಕೋದ್ಯಾಕೆ? ಬಾರದವರು ಪೇಷಂಟೇ ಅಲ್ಲ ಮೇಡಂ. ಬನ್ನಿ ಅಂತ ಕರೆದಾಯ್ತು, ಬರ್ಲಿಲ್ಲ. ಅವರವರ ಹಣೆಬರಹ. ನೀವೇನು ಅವ್ರ ಮನೆ ಬಾಗಿಲಿಗೆ ಹೋಗಿ ಗಂಟೆ ಬಾರಿಸ್ಬೇಕಾ?"

ಸೈಮಾ ಏನಾದರೂ ಅನ್ನುತ್ತಾಳೆ ಅಂತ ಕಾದೆ. ಮೊದಲಾಗಿದ್ದರೆ ಅವರನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದಳು. ಈಗ "ಆಯ್ತು ಸರ್" ಅಂದಳು. ದಣಿದಿದ್ದಾಳೆ. ಯಜಮಾನರು ತೀರಿಕೊಂಡ ಮೇಲೆ ಅವಳು ಒಂದು ಸಲವೂ ನನ್ನ ಎದುರು ಅತ್ತಿಲ್ಲ.

ಹಾಗಾದರೆ ಮುಂದಿನ ತಿಂಗಳು ನನ್ನ ಹೆಸರೂ ತೆಗೆಯುತ್ತಾರೆ ಅನ್ನಿಸಿತು. ತೆಗೆಯಲಿ. ಅವಳ ಲೆಕ್ಕ ಚೆನ್ನಾಗಿರಲಿ.

ಆಗಸ್ಟ್ 13, ಬುಧವಾರ

ತಲೆ ಭಾರ. ನಮಾಜಿನಲ್ಲಿ ಎಷ್ಟನೇ ರಕಾತಿನ ಸುತ್ತು ಅನ್ನುವ ಲೆಕ್ಕ ಎರಡು ಸಲ ತಪ್ಪಿತು. ಇವರು ಕರೆಯುತ್ತಿದ್ದಾರೇನೋ ಅನ್ನಿಸಿತು. ಕರೆದರೆ ಹೋಗುವುದಕ್ಕೆ ನನಗೇನೂ ಅಡ್ಡಿ ಇಲ್ಲ.

ಆಗಸ್ಟ್ 21, ಗುರುವಾರ

ಆಸ್ಪತ್ರೆಯಿಂದ ನಿನ್ನೆ ಬಂದೆ. ಬೆಳಿಗ್ಗೆ ಹನ್ನೊಂದು ಗಂಟೆ, ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬರುತ್ತಿವೆ.

ಭಾನುವಾರ ಬೆಳಿಗ್ಗೆ ಶಿವರುದ್ರಮ್ಮಕ್ಕ ಬಂದಿದ್ದರು, ಚಹಾ ಕೊಡಲು ಹೋದೆ. ಲೋಟ ಕೈಯಲ್ಲಿ ನಿಲ್ಲಲಿಲ್ಲ. "ಸುಟ್ಟಿತಾ ಅಕ್ಕಾ" ಅಂತ ಕೇಳಬೇಕಿತ್ತು, ನಾಲಿಗೆ ದಪ್ಪಗಾಗಿ ಮಾತು ಏನೇನೋ ಆಗಿ ಬಂತು. ಅವರು ನನ್ನನ್ನು ನೆಲಕ್ಕೆ ಕೂರಿಸಿ ಮೆಟ್ಟಿಲ ಕೆಳಗೆ ನಿಂತು ಕೂಗಿದರು.

"ಸೈಮಾ! ಏಯ್ ಸೈಮಾ! ಇಳ್ಕೊಂಡ್ ಬಾರೇ ಕೆಳಕ್ಕೆ! ನಿನ್ ಲ್ಯಾಪ್‌ಟಾಪಿಗೆ ಬೆಂಕಿ ಬೀಳ, ಇಲ್ಲಿ ನಿಮ್ಮಕ್ಕ ಹೋಯ್ತಾವ್ಳೆ!"

ಸೈಮಾ ಬಂದು ನನ್ನ ಎರಡೂ ಕೈ ಎತ್ತಿಸಿದಳು. ಎಡಗೈ ಕೆಳಗೆ ಬಂತು. ಬಿಪಿ ನೋಡುವ ಮಿಷನ್ ತಾ ಅಂತ ಶಾಬಾಜ್‌ಗೆ ಅಂದಳು. ಯಾವ ಮಿಷನ್ ಖಾಲಾ ಅಂದ. ಈ ಮನೆಯಲ್ಲಿ ಮಿಷನ್ ಇಲ್ಲ ಅಂತ ಅವಳಿಗೆ ಆಗಲೇ ಗೊತ್ತಾದದ್ದು.

"ಎರಡು ತಾಲ್ಲೂಕಿಗೆ ಬಿಪಿ ನೋಡ್ಸ್ತೀಯ, ನಿನ್ ಮನೇಲಿ ಒಂದ್ ಮಿಷನ್ ಇಲ್ವೇನೇ?" ಅಂದರು ಶಿವರುದ್ರಮ್ಮಕ್ಕ. ಸೈಮಾ ನನ್ನ ಬುರ್ಖಾ ತಂದು, ಮಗುವಿಗೆ ತೊಡಿಸುವ ಹಾಗೆ ತೊಡಿಸಿದಳು.

ಆಸ್ಪತ್ರೆಯಲ್ಲಿ ಬಿಪಿ ಇನ್ನೂರ ಹತ್ತು ಇತ್ತಂತೆ. ಲಕ್ವ ಸಣ್ಣದಾಗಿ ಬಂದು ಹೋಗಿದೆ, ದೊಡ್ಡದೇ ಬಂದಿದ್ದರೆ ಒಂದು ಕಡೆ ಪೂರ್ತಿ ಹೋಗುತ್ತಿತ್ತು ಅಂದರು ಅಲ್ಲಿಯ ಡಾಕ್ಟರು. ಮಾರನೆಯ ದಿನ ಮಾತು ಸರಿಯಾಯಿತು. ನಾನು ಮೊದಲು ಕೇಳಿದ್ದು ಇದ್ದತ್‌ನಲ್ಲಿ ಹೊಸ್ತಿಲು ದಾಟಿಬಿಟ್ಟೆನಲ್ಲ ಅಂತ.

ಸೈಮಾ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. "ಕಾಯಿಲೆಗೆ ದೀನ್‌ನಲ್ಲೇ, ನಮ್ಮ ಧರ್ಮದಲ್ಲೇ, ದಾರಿ ಬಿಟ್ಟಿದ್ದಾರೆ ಆಪಾ" ಅಂದಳು. "ನಾನು ಮಾಡಿದ ರೂಲಲ್ಲೇ ಬಿಟ್ಟಿಲ್ಲ." ಶಾಬಾಜ್ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದ.

"ನನಗೆ ಯಾಕೆ ಹೇಳ್ಳಿಲ್ಲ?"

"ನಿನ್ನ ರೂಲು. ನಾನೇ ಮುರೀಲಾ?"

"ಒಂದೇ ಮನೇಲಿದ್ದೀವಿ. ದಿನಾ ನೀನು ಬಡಿಸಿದ ಅನ್ನ ತಿಂತೀನಿ. ನಿನ್ನ ಮುಖ ನಾನು ನೋಡೇ ಇಲ್ಲ."

"ನೀನೂ ದುಃಖದಲ್ಲಿದ್ದೆ."

"ಭಾಯ್‌ದೂ ನೋಡಿರಲಿಲ್ಲ ಆಪಾ. ಒಂದು ಸಲ ಇಸಿಜಿ ಮಾಡಿಸಿದ್ರೆ ಇವತ್ತು..." ಅಷ್ಟು ಅಂದವಳು ಮುಖ ನನ್ನ ಹೊದಿಕೆಯಲ್ಲಿ ಇಟ್ಟಳು. ವಾರ್ಡಿನ ಹೆಂಗಸರೆಲ್ಲ ನೋಡುತ್ತಿದ್ದರು. ಅಲ್ಲಿದ್ದ ಡಾಕ್ಟರುಗಳಲ್ಲಿ ಕೆಲವರು ಅವಳ ವಿದ್ಯಾರ್ಥಿನಿಯರು. ಅತ್ತಳು, ಇವರು ಹೋದ ಮೇಲೆ ಮೊದಲ ಸಲ. ಬಲಗೈ ಸರಿಯಾಗಿತ್ತು, ಅವಳ ತಲೆಯ ಮೇಲೆ ಇಟ್ಟೆ.

ಆಗಸ್ಟ್ 25, ಸೋಮವಾರ

ಸೈಮಾ ಬೆಳಿಗ್ಗೆ ಹೋದವಳು ಬಿಸಿಲಿಗೆ ಕಪ್ಪಾಗಿ ಬಂದಿದ್ದಾಳೆ. ಹೆಸರು ತೆಗೆದವರ ಮನೆಗಳನ್ನು ಹುಡುಕಿಕೊಂಡು ಗುಬ್ಬಿ ಕಡೆ, ಹಾಗಲವಾಡಿವರೆಗೂ ಹೋಗಿದ್ದಳಂತೆ. ನಾಳೆ ಕುಣಿಗಲ್ ಕಡೆ. ಪ್ರೆಸೆಂಟೇಶನ್‌ಗೆ ವಾರ ಕೂಡ ಇಲ್ಲ.

ಊಟ ಮಾಡುತ್ತಾ ಹೇಳಿದಳು. ಲಕ್ಷ್ಮೀದೇವಮ್ಮ ಅನ್ನುವವಳು ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡುವಂತಿಲ್ಲ. ಒಬ್ಬಳಿಗೆ ಗಂಡ ಸತ್ತು ಮೂಲೆಯಲ್ಲಿ ಕೂತಿದ್ದಾಳೆ, ಹೊರಗೆ ಬಂದರೆ ಜನ ಏನನ್ನುತ್ತಾರೆ ಅಂತ ಅವರಲ್ಲೂ ಇದೆ. ಇನ್ನೊಬ್ಬ ಗಾರೆ ಕೆಲಸದವನು, ಸೆಂಟರ್ ತೆಗೆಯುವ ಹೊತ್ತಿಗೆ ಅವನಿಗೆ ಕೂಲಿ.

"ಒಬ್ಬರಿಗೂ ಸೋಮಾರಿತನ ಇಲ್ಲ ಆಪಾ. ನಾನು ಏನಂತ ಬರೆದಿದ್ದೆ ಗೊತ್ತಾ? ರೋಗಿಗಳ ನಿರ್ಲಕ್ಷ್ಯ ಅಂತ."

"ಮುದ್ದೆ ಆರುತ್ತೆ, ತಿನ್ನು" ಅಂದೆ. ತಟ್ಟೆ ಮುಗಿಸುವ ತನಕ ಅವಳ ಎದುರೇ ಕೂತಿದ್ದೆ.

ಆಮೇಲೆ ಕೇಳಿದಳು: "ಇವ್ರನ್ನೆಲ್ಲ ಸೇರಿಸಿ ಹೇಳಿದ್ರೆ ಕುರ್ಚಿ ಹೋಗುತ್ತೆ. ಭಾಯ್‌ಗೆ ಅದು ಆಸೆ ಇತ್ತು. ಏನ್ ಮಾಡ್ಲಿ?"

ಇಷ್ಟು ವರ್ಷದಲ್ಲಿ ಅವಳು ತನ್ನ ಕೆಲಸದ ಬಗ್ಗೆ ನನ್ನನ್ನು ಏನೂ ಕೇಳಿದವಳಲ್ಲ. ಇವರು ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸಿದೆ. ಬಾಗಿಲು ಸರಿಯಾಗಿ ಕೂರದ ಬೀರುವನ್ನು ಇವರು ಎಂದೂ ಶೆಡ್ಡಿನಿಂದ ಹೊರಗೆ ಬಿಡುತ್ತಿರಲಿಲ್ಲ, ಗಿರಾಕಿ ಎಷ್ಟು ಅವಸರ ಮಾಡಿದರೂ. ಅದನ್ನೇ ಹೇಳಿದೆ. ಸೈಮಾ ತಲೆ ಆಡಿಸಿ ಮೇಲೆ ಹೋದಳು.

ಆಗಸ್ಟ್ 30, ಶನಿವಾರ

ಪ್ರೆಸೆಂಟೇಶನ್ ಮುಗಿಸಿ ಬಂದಳು. ಐವತ್ತರ ಲೆಕ್ಕವನ್ನೇ ಹೇಳಿದಳಂತೆ. ಒಬ್ಬರು, ನಿಮ್ಮ ಕೆಲಸವನ್ನೇ ನೀವು ಯಾಕೆ ಕೆಳಗೆ ಹಾಕುತ್ತೀರಿ ಅಂತ ಕೇಳಿದರಂತೆ. "ನಮ್ಮ ಅಕ್ಕನ ವಿಷಯ ಹೇಳ್ದೆ" ಅಂದಳು. "ಎಲ್ಲರೂ ತಲೆ ತಗ್ಗಿಸಿ ಟೇಬಲ್ ನೋಡಿದ್ರು."

ಬಿಪಿ ನೂರ ನಲವತ್ತು. ಹೊಸ ಮಿಷನ್‌ನಲ್ಲಿ ಈಗ ನಾನೇ ನೋಡಿಕೊಳ್ಳುತ್ತೇನೆ. ಶಿವರುದ್ರಮ್ಮಕ್ಕನದೂ ನೋಡಿದೆ, ಅವರದು ನನಗಿಂತ ಜಾಸ್ತಿ. ಮಿಷನ್ನು ಕೆಟ್ಟಿದೆ ಅಂತ ವಾದ ಮಾಡಿದರು. ಬಿಡಲಿಲ್ಲ, ಇನ್ನೆರಡು ಸಲ ನೋಡಿದೆ.

ಸೆಪ್ಟೆಂಬರ್ 8, ಸೋಮವಾರ

ಸಂಜೆ ನಾಲ್ಕೂವರೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಡ್ರಮ್ಮು ತುಂಬಿಸಿದೆ. ಮಧ್ಯಾಹ್ನ ರೇಣುಕಾಪ್ರಸಾದ್ ಬಂದರು. ವಿ.ಸಿ. ಆಗಿ ಬೇರೆಯವರ ಹೆಸರು ಬಂದಿದೆಯಂತೆ.

ಕೂರುವ ಮೊದಲೇ ಶುರು ಮಾಡಿದರು. "ಕೈಗೆ ಬಂದಿತ್ತಲ್ಲ ಮೇಡಂ! ಇಪ್ಪತ್ತೈದು ವರ್ಷ ದುಡಿದಿದ್ದೀರ, ಒಂದು ಗಂಟೇಲಿ ಹಾಳು ಮಾಡ್ಕೊಂಡ್ರಿ. ಯಾರೋ ನಾಲ್ಕು ಜನ ಬಾರದೇ ಇದ್ದೋರಿಗೋಸ್ಕರ. ಅವ್ರು ಯಾರು ಅಂತಾನೂ ಯಾರಿಗೂ ಗೊತ್ತಿಲ್ಲ."

ಪರದೆಯ ಈಚೆಯಿಂದ ನಾನು ಅಂದೆ: "ಸಾರ್, ಆ ನಾಲ್ಕು ಜನರಲ್ಲಿ ನಾನೊಬ್ಬಳು. ಕುಲ್ಸುಂ ಬೀ ಅಂತ, ಸೈಮಾಳ ಅಕ್ಕ. ಸೆಂಟರಿಗೆ ಬರೋಕಾಗ್ಲಿಲ್ಲ, ಮಾತ್ರೆ ಕೊಡ್ಲಿಲ್ಲ, ಕೈ ಬಿದ್ದೋಗ್ತಿತ್ತು."

ಅವರು ಕುರ್ಚಿ ಎಳೆದು ಕೂತ ಸದ್ದಾಯಿತು. ಎಷ್ಟೋ ವರ್ಷದಿಂದ ಈ ಮನೆಗೆ ಬಂದು ಹೋಗುವವರು, ನನ್ನ ದನಿ ಕೇಳಿರಲಿಲ್ಲ ಅಂತ ಕಾಣುತ್ತದೆ.

"ಈಗ ಹೇಗಿದೆ ಅಮ್ಮಾ?" ಅಂದರು, ಬೇರೆ ದನಿಯಲ್ಲಿ.

"ಪರವಾಗಿಲ್ಲ. ಮನೆಗೇ ಬಂದು ನೋಡಿ ಕೊಡೋ ಹಾಗೆ ಮಾಡಿ ಅಂತ ಸೈಮಾ ನಿಮ್ಮನ್ನ ಕೇಳ್ತಾಳೆ. ಇಲ್ಲ ಅನ್ಬೇಡಿ. ಟೀ ಆರ್ತಾ ಇದೆ, ಕುಡೀರಿ."

ಕುಡಿದರು. ಮನೆಗೆ ನರ್ಸ್ ಕಳಿಸುವುದು ಅಂದರೆ ಆಡಳಿತ ಮಂಡಳಿ ಒಪ್ಪಬೇಕು, ಖರ್ಚಿನ ಬಾಬ್ತು ಅಂತ ಒಂದಷ್ಟು ಹೇಳಿದರು. ಸೈಮಾ ಕಾಗದವಿಲ್ಲದೆ ಬಾಯಲ್ಲೇ ಒಂದೊಂದಕ್ಕೂ ಉತ್ತರ ಕೊಟ್ಟಳು, ಮೊದಲಿನ ಹಾಗೆ, ಮೇಜು ತಟ್ಟುತ್ತಾ. ಕೊನೆಗೆ, ಮಂಡಳಿಗೆ ನಾನು ಹೇಳ್ತೀನಿ, ಈ ವರ್ಷದ ಕೊನೆವರೆಗೆ ಮಾಡಿ ನೋಡೋಣ ಅಂದು ಎದ್ದರು. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತೇನೋ ಅಂತ ಆಮೇಲೆ ಅನ್ನಿಸಿತು.

ಅವರು ಹೋದ ಮೇಲೆ ಸೈಮಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಏನು ಅಂದೆ. ಏನಿಲ್ಲ ಅಂದಳು.

ಇದ್ದತ್ ಇನ್ನೂ ಇದೆ. ಮುಂದಿನ ಸೋಮವಾರದಿಂದ ಬಾರದವರ ಮನೆಗೆ ನರ್ಸ್ ಬರುತ್ತಾಳೆ ಅಂತ ಸೈಮಾ ಹೇಳಿದ್ದಾಳೆ. ನಮ್ಮ ಬೀದಿಗೆ ಹತ್ತೂವರೆಗೆ, ಮೊದಲು ಶಿವರುದ್ರಮ್ಮಕ್ಕನ ಮನೆ, ಆಮೇಲೆ ನಮ್ಮದು.